ಹಳೆಯ ಬಿಸ್ಕ್ ಗೊಂಬೆಯೋ, ಹೊಸ ಪ್ರತಿಕೃತಿಯೋ: ಕೊಳ್ಳುವ ಮೊದಲು ವಿಗ್ ತೆಗೆಸಿ ನೋಡಿ

ಬಿಸ್ಕ್ ಗೊಂಬೆಯ ಮುಖ ನೋಡಿ ಅದರ ವಯಸ್ಸು ಹೇಳಲು ಹೊರಟವರು ಹೆಚ್ಚಾಗಿ ಬೇಸ್ತು ಬೀಳುತ್ತಾರೆ. ಪ್ರತಿಕೃತಿ ಮಾಡುವವರು ತಮ್ಮ ಕೈಚಳಕವನ್ನೆಲ್ಲ ಸುರಿಯುವುದು ಮುಖಕ್ಕೇ. ಗಾಜಿನ ಕಣ್ಣು, ಎಳೆ ಎಳೆಯಾಗಿ ಬಿಡಿಸಿದ ಹುಬ್ಬು, ಕೆನ್ನೆಯ ನಸುಗೆಂಪು ಎಲ್ಲವನ್ನೂ ಮೂಲಕ್ಕೆ ತಾಳೆ ನೋಡಿ ನೋಡಿ ಮಾಡಿರುತ್ತಾರೆ. ವಿಗ್ಗಿನ ಕೆಳಗೆ, ತಲೆಯ ಒಳಗೆ, ಕತ್ತಿನ ಅಂಚಿನಲ್ಲಿ, ಕೀಲಿನ ಸಂದಿಯಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳುವವರು ಕಡಿಮೆ. ಸುಳಿವು ಸಿಗುವುದು ಅಲ್ಲಿ. ಹಾಗಾಗಿ ಮುಖದ ಚೆಲುವಿಗೆ ಕೊನೆಗೆ ಬರೋಣ.

ವಸ್ತು ಏನೆಂಬುದು ಮೊದಲು ತಿಳಿದಿರಲಿ. ಮೆರುಗು ಕೊಡದೆ ಸುಟ್ಟ ಪಿಂಗಾಣಿಯೇ ಬಿಸ್ಕ್. ಮಣ್ಣನ್ನು ಅಚ್ಚಿನಲ್ಲಿ ರೂಪಿಸಿ, ಹೆಚ್ಚು ಶಾಖದಲ್ಲಿ ಒಮ್ಮೆ ಸುಟ್ಟು, ಉಜ್ಜಿ ನಯಮಾಡಿ, ಬಣ್ಣ ಹಚ್ಚಿ, ಕಡಿಮೆ ಶಾಖದಲ್ಲಿ ಮತ್ತೆ ಸುಡುತ್ತಾರೆ. ಬಣ್ಣ ಪಿಂಗಾಣಿಯ ಮೈಯಲ್ಲೇ ಕೂತುಬಿಡುತ್ತದೆ. ಹೊಳಪಿಲ್ಲದ ಆ ಮೈ ಮನುಷ್ಯರ ಚರ್ಮಕ್ಕೆ ಬಹಳ ಹತ್ತಿರವಾಗಿ ಕಾಣುವುದರಿಂದಲೇ ಹತ್ತೊಂಬತ್ತನೆಯ ಶತಮಾನದ ಯುರೋಪಿನ ಸಿರಿವಂತ ಮನೆಗಳು ಅದಕ್ಕೆ ಮರುಳಾದವು. ನಮ್ಮಲ್ಲಿ ದಸರಾ ಬೊಂಬೆಗಳ ಮೆಟ್ಟಿಲ ಮೇಲೆ, ಹಳೆಯ ಮನೆಗಳ ಗಾಜಿನ ಬೀರುವಿನಲ್ಲಿ ಕಾಣುವ ಫಳಫಳ ಹೊಳೆಯುವ ಪಿಂಗಾಣಿ ಬೊಂಬೆಗಳು ಬೇರೆಯ ಜಾತಿ. ಅವು ಮೆರುಗು ಕೊಟ್ಟವು, ಕೀಲಿಲ್ಲದವು.

ಈ ಗೊಂಬೆಗಳ ಒಳ್ಳೆಯ ಕಾಲ ಸುಮಾರು 1860ರಿಂದ 1930ರವರೆಗೆ. ಮೊದಲ ಹೆಸರು ಫ್ರಾನ್ಸಿನದು: ಜ್ಯುಮೋ, ಬ್ರೂ, ಸ್ಟೈನರ್, ಗೋತಿಯೆ. ಪ್ಯಾರಿಸಿನಲ್ಲಿ 1840ರ ದಶಕದಲ್ಲಿ ಶುರುವಾದ ಜ್ಯುಮೋ ಸಂಸ್ಥೆ ಆಮೇಲೆ ಮೊಂತ್ರೋಯಿಯಲ್ಲಿ ಕಾರ್ಖಾನೆ ಮಾಡಿಕೊಂಡು, 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕ ಗೆದ್ದಿತು. ಜರ್ಮನಿಯ ಥುರಿಂಜಿಯ ಪ್ರಾಂತ್ಯದವರು ಬೆಲೆಯಲ್ಲೂ ಸಂಖ್ಯೆಯಲ್ಲೂ ಫ್ರೆಂಚರನ್ನು ಹಿಂದೆ ಹಾಕಿದರು. ವಾಲ್ಟರ್ಸ್‌ಹೌಸನ್ನಿನ ಕೆಸ್ಟ್ನರ್ ಮತ್ತು ಕೆಮ್ಮರ್ ಅಂಡ್ ರೈನ್‌ಹಾರ್ಟ್, ಗ್ರೇಫನ್‌ಹೈನಿನ ಸೈಮನ್ ಅಂಡ್ ಹಾಲ್ಬಿಗ್, ಕೆಪ್ಪಲ್ಸ್‌ಡಾರ್ಫಿನ ಅರ್ಮಾಂಡ್ ಮಾರ್ಸೆಯ್ ಇವರಲ್ಲಿ ಮುಖ್ಯರು. ಪೈಪೋಟಿ ತಾಳಲಾರದೆ 1899ರಲ್ಲಿ ಫ್ರೆಂಚ್ ತಯಾರಕರು ಎಸ್.ಎಫ್.ಬಿ.ಜೆ. ಎಂಬ ಒಕ್ಕೂಟ ಕಟ್ಟಿಕೊಂಡರು. ಆ ಒಕ್ಕೂಟದ ಕೆಲವು ಗೊಂಬೆಗಳ ತಲೆ ಬಂದದ್ದೂ ಜರ್ಮನಿಯಿಂದಲೇ! ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸರಕು ನಿಂತಾಗ ಜಪಾನಿನ ಮೊರಿಮುರಾ ಸಹೋದರರು ಅಮೆರಿಕಕ್ಕೆ ಬಿಸ್ಕ್ ಗೊಂಬೆ ಮಾಡಿ ಕಳಿಸಿದರು.

ಮಾರುಕಟ್ಟೆಯಲ್ಲಿ ಎದುರಾಗುವ ಮೂರು ಬಗೆ

ಲಂಡನ್ನಿನ ಹಳೆ ಸಾಮಾನಿನ ಸಂತೆಯಿರಲಿ, ನ್ಯೂಜೆರ್ಸಿಯಲ್ಲಿ ಹಿರಿಯರ ಮನೆ ಖಾಲಿ ಮಾಡುವಾಗ ನಡೆಯುವ ಮಾರಾಟವಿರಲಿ, ಆನ್‌ಲೈನ್ ಹರಾಜಿರಲಿ, ಪಿಂಗಾಣಿ ಮುಖದ ಗೊಂಬೆ ಎಂದು ಕೈಗೆ ಸಿಗುವುದು ಮೂರರಲ್ಲಿ ಒಂದು.

ಒಂದು, ನಿಜವಾಗಿಯೂ ಹಳೆಯದು. ಎರಡು, ಗೊಂಬೆ ಕಲಾವಿದರ ಪ್ರತಿಕೃತಿ. ಹಳೆಯ ತಲೆಯಿಂದ ಅಚ್ಚು ತೆಗೆದು ಹೊಸದಾಗಿ ಎರೆದು, ಸುಟ್ಟು, ಬಣ್ಣ ಹಾಕಿದ್ದು. ಇದು ಅಮೆರಿಕದಲ್ಲಿ ಹಳೆಯ ಹವ್ಯಾಸ. 1940ರ ದಶಕದಲ್ಲೇ ಕ್ಯಾಲಿಫೋರ್ನಿಯಾದ ಎಮ್ಮಾ ಕ್ಲಿಯರ್ ಹಳೆಯ ಪಿಂಗಾಣಿ ತಲೆಗಳ ಪ್ರತಿಕೃತಿ ಮಾಡಿ, ತಮ್ಮ ಹೆಸರನ್ನೂ ವರ್ಷವನ್ನೂ ಕೊರೆದು ಮಾರುತ್ತಿದ್ದರು. 1970ರಿಂದ 90ರ ದಶಕದವರೆಗೆ ಇದು ಮನೆಮನೆಯ ಹವ್ಯಾಸವಾಗಿ ಬೆಳೆಯಿತು. ಅಚ್ಚು, ಮಣ್ಣು, ಕಣ್ಣು, ವಿಗ್ ಎಲ್ಲವನ್ನೂ ಮಾರುವ ಅಂಗಡಿಗಳು, ಕಲಿಸುವ ತರಗತಿಗಳು ಹುಟ್ಟಿಕೊಂಡವು. ಅವರಲ್ಲಿ ಹೆಚ್ಚಿನವರು ಪ್ರಾಮಾಣಿಕರು, ಸಹಿ ಹಾಕಿದವರು. ಅವರ ಮಕ್ಕಳು ಮೊಮ್ಮಕ್ಕಳು ಈಗ ಆ ಗೊಂಬೆಗಳನ್ನು ‘ಅಜ್ಜಿಯ ಗೊಂಬೆ, ಬಹಳ ಹಳೆಯದು’ ಎಂದು ಸಂತೆಗೆ ತರುತ್ತಿದ್ದಾರೆ. ಅದರಲ್ಲಿ ಸುಳ್ಳೇನೂ ಇಲ್ಲ, ಅಜ್ಜಿಯದೇ ಗೊಂಬೆ. ಅಜ್ಜಿ ಅದನ್ನು ಮಾಡಿದ್ದು 1985ರಲ್ಲಿ, ಅಷ್ಟೆ.

ಮೂರನೆಯದು ಅಲಂಕಾರದ ಪಿಂಗಾಣಿ ಗೊಂಬೆ. 1980ರ ನಂತರ ಹೆಚ್ಚಾಗಿ ಚೀನಾ, ತೈವಾನುಗಳಲ್ಲಿ ತಯಾರಾಗಿ ಪೆಟ್ಟಿಗೆಯಲ್ಲಿ ಬಂದದ್ದು. ಇದನ್ನು ಗುರುತಿಸುವುದು ಸುಲಭ. ತಲೆ, ಮುಂಗೈ, ಮೊಣಕಾಲ ಕೆಳಗಿನ ಭಾಗ ಮಾತ್ರ ಪಿಂಗಾಣಿ, ನಡುವಿನ ಮೈ ಹತ್ತಿ ತುಂಬಿದ ಬಟ್ಟೆ. ಕೈಕಾಲುಗಳನ್ನು ಬಟ್ಟೆಗೆ ಬಿಗಿದಿರುವುದು ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿಯಿಂದ. ಕಣ್ಣು ಪ್ಲಾಸ್ಟಿಕ್ಕಿನದು, ರೆಪ್ಪೆ ಅಂಟಿಸಿದ್ದು, ಕೂದಲು ನೈಲಾನಿನಂತೆ ಮಿಂಚುವಂಥದ್ದು. ಜೊತೆಗೊಂದು ಪ್ರಮಾಣಪತ್ರ, ‘ಸೀಮಿತ ಆವೃತ್ತಿ’ ಎಂಬ ಅಂಕಿ. ನೂರು ವರ್ಷ ಹಿಂದೆ ಮಗುವಿಗೆ ಆಡಲು ಕೊಟ್ಟ ಗೊಂಬೆಗೆ ಯಾರೂ ಪ್ರಮಾಣಪತ್ರ ಬರೆದುಕೊಡುತ್ತಿರಲಿಲ್ಲ. ಆ ಕಾಗದವೇ ಗೊಂಬೆಯ ವಯಸ್ಸನ್ನು ಬಿಟ್ಟುಕೊಡುತ್ತದೆ. ಈ ಮೂರನೆಯ ಬಗೆಯನ್ನು ಇಲ್ಲಿಗೇ ಬಿಡೋಣ, ಕಷ್ಟವಿರುವುದು ಮೊದಲ ಎರಡರ ನಡುವೆ.

ವಿಗ್ಗಿನ ಕೆಳಗೆ ಏನಿದೆ

ಬಿಸ್ಕ್ ತಲೆಯ ನೆತ್ತಿಯನ್ನು ಕತ್ತರಿಸಿ ತೆರೆದಿರುತ್ತಾರೆ, ಕಣ್ಣು ಕೂರಿಸಲು ಕೈ ಹೋಗಬೇಕಲ್ಲ. ಆ ಕಿಂಡಿಯನ್ನು ಮುಚ್ಚಳವೊಂದು ಮುಚ್ಚಿರುತ್ತದೆ, ಅದರ ಮೇಲೆ ವಿಗ್ ಅಂಟಿರುತ್ತದೆ. ಫ್ರೆಂಚ್ ಗೊಂಬೆಗಳಲ್ಲಿ ಮುಚ್ಚಳ ಸಾಮಾನ್ಯವಾಗಿ ಬೆಂಡಿನದು, ಅಂದರೆ ಬಾಟಲಿಗೆ ಹಾಕುವ ಕಾರ್ಕು. ಜರ್ಮನ್ ಗೊಂಬೆಗಳಲ್ಲಿ ರಟ್ಟಿನದು, ಕೆಸ್ಟ್ನರ್ ಗೊಂಬೆಗಳಲ್ಲಿ ಪ್ಲಾಸ್ಟರಿನದು. ಮಾರುವವರ ಅನುಮತಿ ಪಡೆದು ವಿಗ್ಗನ್ನೂ ಮುಚ್ಚಳವನ್ನೂ ಮೆಲ್ಲಗೆ ಎತ್ತಿ. ಅಂಟು ಬಿಗಿಯಾಗಿದ್ದರೆ ಎಳೆಯಬೇಡಿ. ಅಂಟಿನ ಜೊತೆ ಹಳೆಯ ಮೊಹೇರ್ (ಅಂಗೋರಾ ಮೇಕೆಯ ಕೂದಲು) ವಿಗ್ಗಿನ ತಳವೇ ಹರಿದು ಬಂದೀತು.

ಟಾರ್ಚು ಹಿಡಿದು ಒಳಗೆ ನೋಡಿ. ಮೊದಲು ಒಳಗೋಡೆ. 1890ರ ಆಸುಪಾಸಿನವರೆಗೆ ಒಳ್ಳೆಯ ತಲೆಗಳನ್ನು ಒತ್ತಿ ಮಾಡುತ್ತಿದ್ದರು: ಹೋಳಿಗೆಯ ಕಣಕದಂತೆ ಮಣ್ಣನ್ನು ಹಾಳೆಯಾಗಿ ಲಟ್ಟಿಸಿ, ಅಚ್ಚಿನೊಳಗೆ ಬೆರಳಿನಿಂದ ಅದುಮುವುದು. ಆದ್ದರಿಂದ ಒಳಗೋಡೆ ಏರುತಗ್ಗಾಗಿರುತ್ತದೆ, ದಪ್ಪ ಒಂದೇ ಸಮ ಇರುವುದಿಲ್ಲ, ಕೆಲವೊಮ್ಮೆ ಬೆರಳು ಒತ್ತಿದ ಗುರುತೂ ಉಳಿದಿರುತ್ತದೆ. ಆಮೇಲೆ ಬಂದದ್ದು ಎರೆಯುವ ಪದ್ಧತಿ. ನೀರಾಗಿ ಕಲಸಿದ ಮಣ್ಣನ್ನು ಅಚ್ಚಿಗೆ ಹೊಯ್ದು, ಗೋಡೆಗೆ ಹಿಡಿದಷ್ಟನ್ನು ಬಿಟ್ಟು ಉಳಿದದ್ದನ್ನು ಬಗ್ಗಿಸಿ ಸುರಿಯುವುದು. ಒಳಗೋಡೆ ನುಣುಪು, ದಪ್ಪ ಬಹುಮಟ್ಟಿಗೆ ಸಮ. ಇಂದಿನ ಪ್ರತಿಕೃತಿಗಳೆಲ್ಲ ಎರೆದವು ಎಂದೇ ಹೇಳಬಹುದು.

ಇಲ್ಲಿ ಎಚ್ಚರ ಬೇಕು. ಒಳಗೋಡೆ ನುಣುಪಾಗಿದೆ ಎಂದ ಮಾತ್ರಕ್ಕೆ ತಲೆ ಹೊಸದಾಗುವುದಿಲ್ಲ. 1900ರ ನಂತರದ ಲಕ್ಷಾಂತರ ಜರ್ಮನ್ ತಲೆಗಳೂ ಎರೆದವೇ. ಆದರೆ ಯಾರಾದರೂ ‘1880ರ ಬ್ರೂ’ ಎಂದು ತೋರಿಸಿ, ಅದರ ಒಳಗು ಚೊಕ್ಕ ನುಣುಪಾಗಿದ್ದರೆ, ಅಲ್ಲಿಗೆ ಮಾತು ನಿಲ್ಲಿಸಬಹುದು. ಇಂಥ ಗುರುತುಗಳ ಸ್ವಭಾವವೇ ಹೀಗೆ. ಹೇಳಿದ ಮಾತನ್ನು ಸುಳ್ಳು ಮಾಡಲು ಒಂದೇ ಗುರುತು ಸಾಕು, ನಿಜ ಎಂದು ಸಾಬೀತು ಮಾಡಲು ನಾಲ್ಕೈದು ಒಟ್ಟಿಗೆ ಕೂಡಿಬರಬೇಕು.

ಎರಡನೆಯದು ಕಣ್ಣಿನ ಕುಳಿಯ ಹಿಂಬದಿ. ನನ್ನ ಮಟ್ಟಿಗೆ ತಲೆಯೊಳಗಿನ ಅತ್ಯಂತ ನಂಬಲರ್ಹ ಜಾಗ ಇದೇ. ಹಳೆಯ ಕಾರ್ಖಾನೆಗಳಲ್ಲಿ ಕೆಲಸಗಾರ ಹಸಿ ತಲೆಯ ಕಣ್ಣನ್ನು ಚಾಕುವಿನಿಂದ ಕೊರೆದು ತೆಗೆಯುತ್ತಿದ್ದ. ದಿನವಿಡೀ ಅದೇ ಕೆಲಸ, ಕೈ ಓಡುತ್ತಿತ್ತು. ಹಾಗಾಗಿ ಎಡ ಬಲ ಕಣ್ಣುಗಳು ಕೂದಲೆಳೆಯಷ್ಟು ಬೇರೆ, ಹಿಂಬದಿಯಲ್ಲಿ ಚಾಕು ಜಾರಿದ ಚಪ್ಪಟೆ ಮುಖಗಳು, ಎಲ್ಲೋ ಒಂದು ಕಡೆ ಹೆಚ್ಚು ಕೆತ್ತಿದ ತಗ್ಗು. ಪ್ರತಿಕೃತಿ ಮಾಡುವವರ ಬಳಿ ಇದಕ್ಕೆಂದೇ ದುಂಡು ತಲೆಯ ಉಪಕರಣವಿದೆ. ಒಳಗಿನಿಂದ ತಿರುಗಿಸಿದರೆ ಗಾಜಿನ ಗೋಲಿ ಸರಿಯಾಗಿ ಕೂರುವಂತೆ ಬಟ್ಟಲಿನ ಆಕಾರದ ತಗ್ಗು ಬೀಳುತ್ತದೆ. ಎರಡೂ ಕಡೆ ಒಂದೇ ಅಳತೆಯ, ತಿರುಗಣಿಯಿಂದ ಕಡೆದಂಥ ಬಟ್ಟಲು ಕಂಡರೆ ಅದು ನಮ್ಮ ಕಾಲದ ಕೆಲಸ.

ಕಣ್ಣು ಕೂರಿಸಿದ ಬಗೆಯನ್ನೂ ನೋಡಿ. ಹಳೆಯ ತಲೆಯಲ್ಲಿ ಪ್ಲಾಸ್ಟರ್ ಮುದ್ದೆ ಹಳದಿಗಟ್ಟಿ, ಧೂಳು ಕೂತು, ಅಲ್ಲಲ್ಲಿ ಬಿರಿದಿರುತ್ತದೆ. ಕಣ್ಣು ಮುಚ್ಚಿ ತೆರೆಯುವ ಗೊಂಬೆಯಾದರೆ ಎರಡು ಕಣ್ಣುಗಳನ್ನು ತಂತಿಯೊಂದು ಕೂಡಿಸಿ, ಅದರಿಂದ ಸೀಸದ ಗುಂಡು ಜೋತುಬಿದ್ದಿರುತ್ತದೆ. ಹಳೆಯ ಗೊಂಬೆಯನ್ನು ಮಕ್ಕಳ ಕೈಗೆ ಕೊಡಬಾರದು ಎನ್ನುವುದಕ್ಕೆ ಆ ಸೀಸವೂ ಒಂದು ಕಾರಣ. ಹೊಸದರಲ್ಲಿ ಪ್ಲಾಸ್ಟರ್ ಬಿಳಿಯಾಗಿ ಗರಿಗರಿಯಾಗಿರುತ್ತದೆ, ಇಲ್ಲವೇ ಮೇಣದಂಥ ಮೆತ್ತನೆಯ ಅಂಟುಮುದ್ದೆ ಇರುತ್ತದೆ. ಹಳೆಯ ಗೊಂಬೆಯ ಕಣ್ಣು ಬಿದ್ದುಹೋಗಿ ಈಚೆಗೆ ರಿಪೇರಿ ಆಗಿರುವುದೂ ಉಂಟು. ಹೊಸ ಪ್ಲಾಸ್ಟರ್ ಒಂದನ್ನೇ ಹಿಡಿದು ತೀರ್ಪು ಕೊಡಬೇಡಿ.

ಇನ್ನು ಬಣ್ಣ ಹಚ್ಚದ ಒಳಭಾಗ ಮತ್ತು ಕಿಂಡಿಯ ಅಂಚು. ಹಳೆಯ ಮಣ್ಣಿನಲ್ಲಿ ಕಬ್ಬಿಣದ ಕಣ, ಗೂಡಿನ ಧೂಳು ಸೇರಿ ಎಳ್ಳಿಗಿಂತ ಚಿಕ್ಕ ಕರಿಯ ಚುಕ್ಕೆಗಳು ಉಳಿದುಬಿಡುತ್ತಿದ್ದವು. ಮುಖದ ಮೇಲೆ ಬಿದ್ದರೆ ಕೆಲಸಗಾರರು ಗೊಣಗುತ್ತಿದ್ದರೇನೋ, ಇಂದು ಕೊಳ್ಳುವವರಿಗೆ ಅವು ಸಮಾಧಾನ ಕೊಡುತ್ತವೆ. ಈಗಿನ ಸೋಸಿದ ಮಣ್ಣು, ವಿದ್ಯುತ್ ಗೂಡು ಎರಡೂ ಶುಚಿ. ಚುಕ್ಕೆಯೇ ಇಲ್ಲದ ಹಾಲುಬಿಳುಪು ಅಥವಾ ಒಳಗೂ ಹೊರಗೂ ಒಂದೇ ಸಮನಾದ ಗುಲಾಬಿ ಬಣ್ಣ ಕಂಡಾಗ ಅನುಮಾನ ಪಡಬೇಕು. ಗುಲಾಬಿ ಮಣ್ಣನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜರ್ಮನರೂ ಬಳಸಿದ್ದಾರೆ ಎನ್ನುವುದು ನೆನಪಿರಲಿ. ಹಳೆಯ ಫ್ರೆಂಚ್ ತಲೆ ಎಂದು ಹೇಳಿ ಒಳಗೆ ಗುಲಾಬಿ ಇದ್ದರೆ ಮಾತ್ರ ತಾಳ ತಪ್ಪಿದಂತೆ.

ಅಳತೆಪಟ್ಟಿಯ ಸಾಕ್ಷಿ

ಪಿಂಗಾಣಿ ಮಣ್ಣು ಸುಟ್ಟಾಗ ಕುಗ್ಗುತ್ತದೆ. ಮಣ್ಣಿನ ಬಗೆಯನ್ನು ಅವಲಂಬಿಸಿ ಸುಮಾರು ಶೇಕಡಾ 15ರ ಆಸುಪಾಸು. ಪ್ರತಿಕೃತಿಗೆ ಅಚ್ಚು ತೆಗೆಯುವುದು ಆಗಲೇ ಸುಟ್ಟು ಕುಗ್ಗಿದ ಹಳೆಯ ತಲೆಯಿಂದ. ಅಚ್ಚಿನಿಂದ ಹೊರಬಂದಾಗ ಹೊಸ ತಲೆ ಮೂಲದಷ್ಟೇ ಇರುತ್ತದೆ, ಗೂಡಿನಿಂದ ಹೊರಬಂದಾಗ ಅದಕ್ಕಿಂತ ಚಿಕ್ಕದಾಗಿರುತ್ತದೆ. ಮೂಲ ತಲೆ 12 ಸೆಂಟಿಮೀಟರ್ ಎತ್ತರವಿದ್ದರೆ ಪ್ರತಿಕೃತಿ 10.2 ಸೆಂಟಿಮೀಟರ್. ಆ ಪ್ರತಿಕೃತಿಯಿಂದಲೇ ಇನ್ನೊಂದು ಅಚ್ಚು ತೆಗೆದರೆ 8.7ಕ್ಕೆ ಇಳಿಯುತ್ತದೆ. ಗಾತ್ರದ ಜೊತೆ ನವುರೂ ಕರಗುತ್ತದೆ. ಕಿವಿಯ ಸುರುಳಿ, ತುಟಿಯ ಸಂದು, ಮೂಗಿನ ಹೊಳ್ಳೆಯ ಅಂಚು ಮೊಂಡಾಗುತ್ತವೆ.

ಇದನ್ನು ಉಪಯೋಗಿಸುವುದು ಹೀಗೆ. ಹಳೆಯ ತಲೆಗಳ ಹಿಂದೆ ಅಚ್ಚಿನ ಸಂಖ್ಯೆಯ ಜೊತೆ ಅಳತೆಯ ಸಂಖ್ಯೆಯೂ ಇರುತ್ತದೆ. ಕೆಮ್ಮರ್ ಅಂಡ್ ರೈನ್‌ಹಾರ್ಟ್ ಗೊಂಬೆಗಳಲ್ಲಿ ಅದು ಸಾಮಾನ್ಯವಾಗಿ ಇಡೀ ಗೊಂಬೆಯ ಎತ್ತರ, ಸೆಂಟಿಮೀಟರಿನಲ್ಲಿ. ತಲೆಯ ಮೇಲೆ 62 ಎಂದಿದ್ದು ಗೊಂಬೆ 53 ಸೆಂಟಿಮೀಟರ್ ನಿಂತರೆ ಪ್ರಶ್ನೆ ಕೇಳಬೇಕಾಗುತ್ತದೆ. ಮೈ ಬದಲಾಗಿದ್ದರೂ ಎತ್ತರ ಹೊಂದುವುದಿಲ್ಲವಾದ್ದರಿಂದ ತಲೆಯ ಸುತ್ತಳತೆಯನ್ನೂ ತೆಗೆದುಕೊಳ್ಳಿ. ಜ್ಯುಮೋ, ಬ್ರೂಗಳ ಅಳತೆ ಸಂಖ್ಯೆ ಬೇರೆ ಕ್ರಮದಲ್ಲಿ ನಡೆಯುತ್ತದೆ. ಅದೇ ಸಂಖ್ಯೆಯ ಗೊಂಬೆ ದೊಡ್ಡ ಹರಾಜು ಸಂಸ್ಥೆಗಳ ಹಳೆಯ ಪಟ್ಟಿಗಳಲ್ಲಿ ಎಷ್ಟು ಎತ್ತರವಿತ್ತು ಎಂದು ಹುಡುಕಿ ಹೋಲಿಸಬಹುದು. ಅಚ್ಚನ್ನು ಮೊದಲೇ ಹಿಗ್ಗಿಸಿ ಮಾಡಿಕೊಂಡಿದ್ದರೆ ಈ ಪರೀಕ್ಷೆ ನಡೆಯದು, ಆದರೆ ಅಷ್ಟು ಕಷ್ಟಪಡುವವರು ವಿರಳ.

ಮುದ್ರೆ: ಎಲ್ಲರೂ ಮೊದಲು ನೋಡುವುದು, ಕೊನೆಗೆ ನಂಬಬೇಕಾದದ್ದು

ತಲೆಯ ಹಿಂಬದಿಯಲ್ಲಿ ವಿಗ್ಗಿನ ಕೆಳಗೆ ಹೆಸರು, ಸಂಖ್ಯೆ ಕೊರೆದಿರುತ್ತದೆ ಅಥವಾ ಅಚ್ಚೊತ್ತಿರುತ್ತದೆ. ಜ್ಯುಮೋದ ಹೆಸರಾಂತ ಮುದ್ರೆ ಕೆಂಪು ಶಾಯಿಯಲ್ಲಿ, ಅದರ ಮೈಯ ಬೆನ್ನ ಮೇಲೆ ಚಿನ್ನದ ಪದಕದ ಮುದ್ರೆ ನೀಲಿಯಲ್ಲಿ. ‘ಜರ್ಮನಿ’ ಎಂಬ ದೇಶದ ಹೆಸರು ಕಂಡರೆ ಅದು ಬಹುತೇಕ 1891ರ ನಂತರದ್ದು. 1890ರ ಮೆಕಿನ್ಲಿ ಸುಂಕ ಕಾಯಿದೆಯ ಪ್ರಕಾರ ಅಮೆರಿಕಕ್ಕೆ ಬರುವ ಸರಕಿನ ಮೇಲೆ ದೇಶದ ಹೆಸರು ಇರಬೇಕಾಗಿತ್ತು. ಜಪಾನಿನ ಸರಕಿನ ಮೇಲೆ ‘ನಿಪ್ಪೋನ್’ ಎಂದಿದ್ದರೆ ಅದು 1921ಕ್ಕೆ ಹಿಂದಿನದು. ಆಮೇಲೆ ‘ಜಪಾನ್’ ಎಂದೇ ಬರೆಯಬೇಕಾಯಿತು.

ಇದೆಲ್ಲ ಗೊಂಬೆ ಹಳೆಯದೆಂದು ಖಚಿತವಾದ ಮೇಲೆ ಕಾಲ ಹೇಳಲು ಒದಗುತ್ತದೆ. ಹಳೆಯದೋ ಹೊಸದೋ ಎಂಬ ಪ್ರಶ್ನೆಗೆ ಮುದ್ರೆ ಒಳ್ಳೆಯ ಉತ್ತರ ಕೊಡುವುದಿಲ್ಲ, ಏಕೆಂದರೆ ಹಳೆಯ ತಲೆಯಿಂದ ಅಚ್ಚು ತೆಗೆದರೆ ಅದರ ಮುದ್ರೆಯೂ ಅಚ್ಚಿಗೆ ಬರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅಂಥ ಮುದ್ರೆ ಮಸುಕಾಗಿ, ಅಕ್ಷರದ ತಳ ಮಣ್ಣು ತುಂಬಿದಂತೆ ದುಂಡಗಿರುತ್ತದೆ. ಅಕ್ಷರವನ್ನು ಆಮೇಲೆ ಕೈಯಿಂದ ಗೀಚಿದ್ದರೆ ಗೆರೆಯ ಇಕ್ಕೆಲದಲ್ಲಿ ಮಣ್ಣು ಎದ್ದ ಅಂಚು ಕಾಣುತ್ತದೆ.

ಅದಕ್ಕಿಂತ ಮುಖ್ಯವಾಗಿ ಹುಡುಕಬೇಕಾದದ್ದು ಇಲ್ಲದ ಸಹಿ. ಪ್ರಾಮಾಣಿಕ ಕಲಾವಿದರು ತಮ್ಮ ಹೆಸರು ಅಥವಾ ಮೊದಲಕ್ಷರ ಮತ್ತು ವರ್ಷವನ್ನು ಕತ್ತಿನ ಹಿಂಬದಿಯಲ್ಲೋ, ಕತ್ತಿನ ತಳದ ಅಂಚಿನಲ್ಲೋ, ತಲೆಯ ಜೊತೆ ಭುಜವೂ ಪಿಂಗಾಣಿಯದಾದರೆ ಆ ಭುಜದ ಭಾಗದ ಒಳಮುಖದಲ್ಲೋ ಕೊರೆಯುತ್ತಾರೆ. ಮೋಸ ಮಾಡುವವನು ಅದನ್ನು ಸಾಣೆ ಹಿಡಿದು ಅಳಿಸುತ್ತಾನೆ. ಅಳಿಸಿದ ಜಾಗ ಸುತ್ತಲಿನದಕ್ಕಿಂತ ಬಿಳಿಯಾಗಿ, ಒರಟಾಗಿ, ಸ್ವಲ್ಪ ತಗ್ಗಾಗಿ ಉಳಿಯುತ್ತದೆ. ಟಾರ್ಚನ್ನು ನೇರ ಹಿಡಿಯದೆ ಮೈಗೆ ಒರಗಿಸಿ ಓರೆಯಾಗಿ ಬೆಳಕು ಬಿಟ್ಟರೆ ಆ ತಗ್ಗು ನೆರಳು ಬಿಡುತ್ತದೆ. ಕತ್ತಿನ ಹಿಂದೆ ಕಾರಣವಿಲ್ಲದೆ ಉಜ್ಜಿದ ಒಂದು ಚೌಕ ಕಂಡರೆ ಗೊಂಬೆಯನ್ನು ಅಲ್ಲೇ ಇಟ್ಟು ನಮಸ್ಕಾರ ಹೇಳಿ ಬನ್ನಿ.

ಮೈ, ಕೀಲು, ಬಟ್ಟೆ

ತಲೆಗೂ ಮೈಗೂ ಒಂದೇ ವಯಸ್ಸಿರಬೇಕೆಂದಿಲ್ಲ. ಹಳೆಯ ತಲೆ ಹೊಸ ಮೈ ಸೇರಿದ್ದರೆ ಬೆಲೆ ಇಳಿಯುತ್ತದೆ, ಆದರೂ ತಲೆ ಹಳೆಯದೇ. ತೊಂದರೆ ಕೊಡುವುದು ತಿರುಗುಮುರುಗಾದದ್ದು, ಅಂದರೆ ಹಳೆಯ ಮೈಗೆ ಹೊಸ ತಲೆ. ಬೀಳಿಸಿ ತಲೆ ಒಡೆದ ಗೊಂಬೆಗಳ ಮೈ ಬೇಕಾದಷ್ಟು ಉಳಿದಿವೆ. ಅಂಥ ಗೊಂಬೆಯನ್ನು ಮಾರುವವರು ಬಟ್ಟೆ ಬಿಚ್ಚಿ ಸವೆದ ಮೊಣಕಾಲು, ಬಣ್ಣ ಹೋದ ಬೆರಳು, ಹಳೆಯ ಮುದ್ರೆ ಎಲ್ಲವನ್ನೂ ಉತ್ಸಾಹದಿಂದ ತೋರಿಸುತ್ತಾರೆ. ತಲೆಯ ವಿಷಯಕ್ಕೆ ಬಂದಾಗ ‘ವಿಗ್ ಅಂಟಿದೆ, ತೆಗೆಯಲಾಗದು’ ಎನ್ನುತ್ತಾರೆ. ಕತ್ತಿನ ಬಟ್ಟಲಿನಲ್ಲಿ ತಲೆ ಹೇಗೆ ಕೂತಿದೆ ನೋಡಿ. ಕುಗ್ಗಿದ ಪ್ರತಿಕೃತಿಯಾದರೆ ಬಟ್ಟಲು ದೊಡ್ಡದಾಗಿ ಸುತ್ತಲೂ ಸಂದು ಬಿಟ್ಟಿರುತ್ತದೆ, ಅದನ್ನು ತುಂಬಲು ಒಳಗೆ ತೊಗಲಿನ ಉಂಗುರವೋ ಬಟ್ಟೆಯೋ ಇರುತ್ತದೆ.

ಹಳೆಯ ಕೀಲುಮೈಯನ್ನು ಮರದ ಹೊಟ್ಟು, ಕಾಗದ, ಅಂಟು ಸೇರಿಸಿ ಅಚ್ಚೊತ್ತಿ, ಮೇಲೆ ಬಣ್ಣ ಮತ್ತು ವಾರ್ನಿಷ್ ಬಳಿದು ಮಾಡುತ್ತಿದ್ದರು. ಕೀಲಿನ ಗುಂಡುಗಳು ಹೆಚ್ಚಾಗಿ ಮರದವು. ವಾರ್ನಿಷ್ ಹಳದಿಯಾಗುತ್ತದೆ, ಗುಂಡು ಉಜ್ಜುವ ಜಾಗದಲ್ಲಿ ಬಣ್ಣ ಸವೆದು ಒಳಗಿನ ಕಂದು ಕಾಣುತ್ತದೆ. ಸವೆತ ಇರಬೇಕಾದ ಕಡೆಯೇ ಇದೆಯೇ ಎಂಬುದು ಪ್ರಶ್ನೆ. ಮಗು ಹಿಡಿಯುವ ಕೈ, ಕೂರಿಸಿದಾಗ ನೆಲ ತಾಗುವ ಹಿಂಬದಿ, ಮೊಣಕಾಲು, ಮೂಗಿನ ತುದಿ ಸವೆಯುವುದು ಸಹಜ. ಕಂಕುಳು, ಕಿವಿಯ ಹಿಂಬದಿಗಳಲ್ಲಿ ಸವೆತ, ಮೈಯೆಲ್ಲ ಒಂದೇ ಸಮ ಕೊಳೆ ಇದ್ದರೆ ಯಾರೋ ಚಹಾ ನೀರು ಬಳಿದಿದ್ದಾರೆ.

ಒಳಗಿನ ಎಲಾಸ್ಟಿಕ್ ಹೊಸದಿದ್ದರೆ ಹೆದರಬೇಕಿಲ್ಲ. ರಬ್ಬರು ಕೆಲವು ದಶಕಗಳಲ್ಲಿ ಸತ್ತುಹೋಗುತ್ತದೆ, ನೂರು ವರ್ಷದ ಗೊಂಬೆಗೆ ಹಲವು ಸಲ ಬದಲಾಗಿರುತ್ತದೆ. ವಿಗ್ಗಿನದೂ ಬಟ್ಟೆಯದೂ ಅದೇ ಕಥೆ. ಪಾಲಿಯೆಸ್ಟರ್ ಲೇಸು, ಜಿಪ್ಪು, ವೆಲ್ಕ್ರೋ ಇದ್ದರೆ ಬಟ್ಟೆ ಹೊಸದೆಂದಷ್ಟೇ ಅರ್ಥ. ಹೊಲಿಗೆ ಯಂತ್ರದ್ದು ಎಂದ ಮಾತ್ರಕ್ಕೆ ಅದೂ ಹೊಸದಾಗುವುದಿಲ್ಲ, 1850ರ ದಶಕದಿಂದಲೇ ಹೊಲಿಗೆ ಯಂತ್ರಗಳು ಮಾರಾಟಕ್ಕಿದ್ದವು. ಮುಟ್ಟಿದರೆ ಪುಡಿಯಾಗುವ ಹಳೆಯ ರೇಷ್ಮೆ ಒಳ್ಳೆಯ ಲಕ್ಷಣ, ಆದರೆ ಹಳೆಯ ಲಂಗವನ್ನು ಹೊಸ ಗೊಂಬೆಗೆ ತೊಡಿಸಲು ಎಷ್ಟು ಹೊತ್ತು ಬೇಕು? ಬಟ್ಟೆಯಿಂದ ಗೊಂಬೆಯ ವಯಸ್ಸು ಅಳೆಯಬೇಡಿ.

ಅತಿನೇರಳೆ ಬೆಳಕಿನ ಟಾರ್ಚು ಈಗ ಅಗ್ಗ. ಕತ್ತಲೆ ಕೋಣೆಯಲ್ಲಿ ತಲೆಯ ಮೇಲೆ ಹಾಯಿಸಿದರೆ ಬಿರುಕು ಮುಚ್ಚಿ ಮೇಲೆ ಬಣ್ಣ ಬಳಿದ ಜಾಗ ಸುತ್ತಲಿನದಕ್ಕಿಂತ ಬೇರೆಯಾಗಿ ಹೊಳೆಯುತ್ತದೆ. ಹಳೆಯದೆಂದು ಖಾತ್ರಿಯಾದ ಗೊಂಬೆಯ ರಿಪೇರಿ ಹಿಡಿಯಲು ಇದಕ್ಕಿಂತ ಸುಲಭ ಉಪಾಯವಿಲ್ಲ. ಬಟ್ಟೆ, ದಾರ ನೀಲಿಯಾಗಿ ಹೊಳೆದರೆ ಅದರಲ್ಲಿ ಈಚಿನ ಬಿಳುಪುಕಾರಕ ಇದೆ ಎಂದರ್ಥ. ಹಳೆಯ ಬಟ್ಟೆಯನ್ನು ಇಂದಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಅದು ಹಾಗೇ ಹೊಳೆಯುತ್ತದೆ. ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಕೆನ್ನೆ ಒರೆಸಿ ‘ಬಣ್ಣ ಬಂದರೆ ನಕಲಿ’ ಎನ್ನುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ದಯವಿಟ್ಟು ಬೇಡ. 1920ರ ದಶಕದ ಕೊನೆ ಮತ್ತು 30ರ ದಶಕದಲ್ಲಿ ಜರ್ಮನರೇ ಖರ್ಚು ಉಳಿಸಲು ಬಣ್ಣವನ್ನು ಸುಡದೆ ಹಾಗೇ ಬಳಿದು ಬಿಟ್ಟ ಗೊಂಬೆಗಳಿವೆ. ಆ ಪರೀಕ್ಷೆಯಲ್ಲಿ ಅಸಲಿ ಗೊಂಬೆಯ ಕೆನ್ನೆ ಅಳಿಸಿಹೋಗುತ್ತದೆ, ಆಮೇಲೆ ಮಾರುವವರ ಮುಖ ನೋಡಲು ನಿಮಗೆ ಧೈರ್ಯವಿರುವುದಿಲ್ಲ.

ಇನ್ನು ಮುಖ

ಇಷ್ಟು ದಾಟಿ ಬಂದ ಗೊಂಬೆಯ ಮುಖ ನೋಡಬಹುದು. ಹುಬ್ಬು ನೋಡಿ. ಕಾರ್ಖಾನೆಯಲ್ಲಿ ಬಣ್ಣ ಹಾಕುತ್ತಿದ್ದವರು ರಾಶಿ ತಲೆಗಳನ್ನು ಮುಂದಿಟ್ಟುಕೊಂಡು ಕೂಲಿಗೆ ದುಡಿಯುತ್ತಿದ್ದವರು. ಅವರ ಕುಂಚ ಒಂದೇ ಬೀಸಿನಲ್ಲಿ ಎಳೆ ಬಿಟ್ಟು ಮುಂದಕ್ಕೆ ಹೋಗುತ್ತಿತ್ತು. ಎಳೆಯ ಬುಡ ದಪ್ಪ, ತುದಿ ತೆಳ್ಳಗೆ ಗಾಳಿಗೆ ಬಿಟ್ಟಂತೆ. ಎಡ ಹುಬ್ಬಿಗೂ ಬಲ ಹುಬ್ಬಿಗೂ ಎಳೆಗಳ ಲೆಕ್ಕ ತಪ್ಪಿದ್ದರೆ ಅವರಿಗೆ ಚಿಂತೆಯಿರಲಿಲ್ಲ. ಹವ್ಯಾಸಿ ಕಲಾವಿದರಿಗೆ ಒಂದು ತಲೆಯೇ ವಾರದ ಕೆಲಸ. ಪ್ರತಿ ಎಳೆಯನ್ನೂ ಉಸಿರು ಬಿಗಿಹಿಡಿದು ಬರೆಯುತ್ತಾರೆ. ಭೂತಗನ್ನಡಿಯಲ್ಲಿ ಆ ಗೆರೆಗಳು ಮೊದಲಿಂದ ಕೊನೆಯವರೆಗೆ ಒಂದೇ ದಪ್ಪ, ಅಲ್ಲಲ್ಲಿ ನಡುಗಿ ನಿಂತ ಗುರುತು. ಸೊಗಸಿನಲ್ಲಿ ಪ್ರತಿಕೃತಿಯೇ ಮೇಲಾದ ಉದಾಹರಣೆಗಳೂ ಇಲ್ಲದಿಲ್ಲ. ಅಗ್ಗದ ಜರ್ಮನ್ ತಲೆಯ ಒರಟು ಹುಬ್ಬಿಗಿಂತ ನುರಿತ ಹವ್ಯಾಸಿಯ ಹುಬ್ಬು ಚೆನ್ನಾಗಿರುತ್ತದೆ. ನಮಗೆ ಬೇಕಾದದ್ದು ಕೈಯ ವೇಗದ ಗುರುತು. ಅದನ್ನು ಕಲಿಯಲು ಚಿತ್ರಗಳು ಸಾಲವು. ಥುರಿಂಜಿಯಕ್ಕೆ ಹೋಗುವ ಅವಕಾಶವಿದ್ದರೆ 1901ರಲ್ಲಿ ಶುರುವಾದ ಸೋನೆಬರ್ಗಿನ ಆಟಿಕೆ ವಸ್ತುಸಂಗ್ರಹಾಲಯದಲ್ಲಿ ಒಂದು ಮಧ್ಯಾಹ್ನ ಕಳೆಯಿರಿ.

ಯಾರು ಯಾವುದನ್ನು ಕೊಳ್ಳಬೇಕು

ಚೆಲುವಿಗಾಗಿ, ಬೀರುವಿನಲ್ಲಿ ಇಡಲು ಬೇಕಾದವರು ಸಹಿ ಇರುವ ಪ್ರತಿಕೃತಿ ಕೊಳ್ಳುವುದು ಜಾಣತನ. ಜ್ಯುಮೋದ ನೀಳಮುಖದ ಗೊಂಬೆಯಾಗಲಿ, ಬ್ರೂ ಗೊಂಬೆಯಾಗಲಿ ಅಸಲಿಯಾಗಿ ಸಾಮಾನ್ಯರ ಕೈಗೆಟುಕುವ ವಸ್ತುವಲ್ಲ. ಅವೇ ಅತಿ ಹೆಚ್ಚು ಪ್ರತಿಕೃತಿಯಾದವೂ ಹೌದು. ಹೆಸರು ವರ್ಷ ಕೊರೆದ ಒಳ್ಳೆಯ ಪ್ರತಿಕೃತಿ ಅಸಲಿಯ ಬೆಲೆಯ ಒಂದು ಚಿಕ್ಕ ಪಾಲಿಗೆ ಸಿಗುತ್ತದೆ. ಅದನ್ನು ‘ನಕಲಿ’ ಎಂದು ಮೂಗು ಮುರಿಯುವ ಸಂಗ್ರಾಹಕರ ಜೊತೆ ನನಗೆ ಸಹಮತವಿಲ್ಲ. ಸಹಿ ಇರುವವರೆಗೂ ಅದು ಕೈಕಸುಬಿನ ವಸ್ತು. ಮರುಮಾರಾಟದಲ್ಲಿ ಲಾಭದ ಆಸೆ ಮಾತ್ರ ಇಟ್ಟುಕೊಳ್ಳಬೇಡಿ.

ಹಳೆಯದೇ ಬೇಕು, ಕೈಯಲ್ಲಿ ಹಿಡಿಯಬೇಕು ಎನ್ನುವವರು ದೊಡ್ಡ ಹೆಸರುಗಳ ಬೆನ್ನು ಬಿಟ್ಟು ಅರ್ಮಾಂಡ್ ಮಾರ್ಸೆಯ್ 390ರಂಥ ಸಾಮಾನ್ಯ ಜರ್ಮನ್ ಗೊಂಬೆಯಿಂದ ಆರಂಭಿಸಲಿ. ಈ ಅಚ್ಚು ದಶಕಗಳ ಕಾಲ ಅಪಾರ ಸಂಖ್ಯೆಯಲ್ಲಿ ಬಂದದ್ದರಿಂದ ಬೆಲೆ ಕಡಿಮೆ. ಬೆಲೆ ಕಡಿಮೆಯಿರುವುದರಿಂದಲೇ ಅದನ್ನು ನಕಲು ಮಾಡಿ ಮೋಸ ಮಾಡುವ ಆಸೆಯೂ ಕಡಿಮೆ. ಒಂದನ್ನು ತಂದು ತಲೆಯೊಳಗೆ, 390ರ ಮುದ್ರೆಯ ಮೇಲೆ, ಕಣ್ಣ ಕುಳಿಯ ಹಿಂದೆ ಬೆರಳಾಡಿಸಿ ಅಭ್ಯಾಸ ಮಾಡಿಕೊಂಡರೆ ಮುಂದಿನ ದುಬಾರಿ ಖರೀದಿಗೆ ಅದೇ ಗುರು. ಮುಖದಲ್ಲಿ ಬಿರುಕಿಲ್ಲದ ತಲೆಗೆ ಮೊದಲ ಮನ್ನಣೆ ಕೊಡಿ. ವಿಗ್ಗಿನ ಕೆಳಗೆ ಮುಗಿಯುವ ಸಣ್ಣ ಬಿರುಕಿದ್ದರೆ ಬೆಲೆ ಇಳಿಸಿ ಕೇಳಬಹುದು.

ಅಪರೂಪದ ಅಚ್ಚುಗಳ ಲೋಕ ಬೇರೆ. 2014ರಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಕೆಮ್ಮರ್ ಅಂಡ್ ರೈನ್‌ಹಾರ್ಟ್‌ನ 108ನೇ ಅಚ್ಚಿನ ಗೊಂಬೆ ಎರಡು ಲಕ್ಷದ ನಲವತ್ತು ಸಾವಿರ ಪೌಂಡಿಗೂ ಹೆಚ್ಚಿಗೆ ಹೋಯಿತು. ಆ ಮಟ್ಟದಲ್ಲಿ ಪರಿಣತರ ಬರಹದ ಅಭಿಪ್ರಾಯ, ಹಿಂದಿನ ಒಡೆತನದ ದಾಖಲೆ ಇಲ್ಲದೆ ಯಾರೂ ಕೈ ಹಾಕುವುದಿಲ್ಲ. ಅಂಥ ಸಂಖ್ಯೆ ಕೊರೆದ ತಲೆ ಸಂತೆಯಲ್ಲಿ ಕೆಲವು ನೂರು ಪೌಂಡಿಗೆ ಸಿಕ್ಕರೆ ಅದೃಷ್ಟ ಎಂದುಕೊಳ್ಳುವ ಮೊದಲು ಅಳತೆಪಟ್ಟಿ ತೆಗೆಯಿರಿ.

ಆನ್‌ಲೈನಿನಲ್ಲಿ ಕೊಳ್ಳುವವರು ಮಾರಾಟಗಾರರನ್ನು ಕೇಳಬೇಕಾದ ಚಿತ್ರಗಳು ಇಷ್ಟು: ವಿಗ್ ತೆಗೆದ ತಲೆಯ ಹಿಂಬದಿ, ಟಾರ್ಚು ಬಿಟ್ಟ ಒಳಭಾಗ, ಕಿಂಡಿಯ ಅಂಚು, ಕತ್ತಿನ ತಳ, ತಲೆಗೆ ಅಳತೆಪಟ್ಟಿ ಸುತ್ತಿದ್ದು, ಬಟ್ಟೆ ಬಿಚ್ಚಿದ ಮೈ. ‘ಹಳೆಯ ಶೈಲಿಯ’, ‘ಜ್ಯುಮೋ ಮಾದರಿಯ’ ಎಂಬ ವಿವರಣೆ ಇದ್ದರೆ ಅದು ಹೊಸದೆಂದು ಅವರೇ ಒಪ್ಪಿಕೊಂಡಂತೆ, ದೂರು ಕೊಟ್ಟರೂ ನಿಲ್ಲುವುದಿಲ್ಲ. ಊರಿನಲ್ಲಿ ಮುತ್ತಜ್ಜಿಯ ಪೆಟ್ಟಿಗೆಯಿಂದ ಇಂಥ ಗೊಂಬೆ ಸಿಕ್ಕಿ, ಅದನ್ನು ವಿದೇಶದ ಹರಾಜಿಗೆ ಕಳಿಸುವ ಯೋಚನೆ ಬಂದರೆ ಇನ್ನೊಂದು ವಿಷಯವಿದೆ. ನೂರು ವರ್ಷ ದಾಟಿದ ಕಲಾಕೃತಿ, ಕರಕುಶಲ ವಸ್ತುಗಳು ಭಾರತದ 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರಬಹುದು, ಅವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಅಂಚೆಗೆ ಹಾಕುವ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ಎಲ್ಲ ನೋಡಿದ ಮೇಲೂ ಹಳೆಯದೋ ಹೊಸದೋ ತೀರ್ಮಾನವಾಗದ ಗೊಂಬೆಗಳು ಇದ್ದೇ ಇರುತ್ತವೆ: ವಿಗ್ ಬಿಡಿಸಲಾಗದ್ದು, ಮುದ್ರೆ ಇಲ್ಲದ್ದು, ಒಳಗೆಲ್ಲ ರಿಪೇರಿಯಾದದ್ದು. ಇಷ್ಟವಾಗಿದ್ದರೆ ಪ್ರತಿಕೃತಿಯ ಬೆಲೆ ಹೇಳಿ. ಒಪ್ಪಿದರೆ ತನ್ನಿ, ಒಪ್ಪದಿದ್ದರೆ ಪಕ್ಕದ ಮೇಜು ನೋಡಿ.